ರಾಮನಗರದ ಕಾಗದ ಯಾವ ಚೀಲಕ್ಕೆ?

ವಿಳಾಸ ಬರೆಯುವವರು ಒಳಗಿನಿಂದ ಹೊರಕ್ಕೆ ಬರುತ್ತಾರೆ. ಮೊದಲು ಮನುಷ್ಯ, ಆಮೇಲೆ ಮನೆ, ಬೀದಿ, ಊರು, ಜಿಲ್ಲೆ. ಅಂಚೆಯನ್ನು ವಿಂಗಡಿಸುವವರು ಅದನ್ನೇ ಹೊರಗಿನಿಂದ ಒಳಕ್ಕೆ ಓದುತ್ತಾರೆ. ಬೆಂಗಳೂರಿನಲ್ಲಿ ಕುಳಿತು ಕಾಗದಗಳನ್ನು ಚೀಲಕ್ಕೆ ತುಂಬುವವರಿಗೆ ಮಾಗಡಿಯ ರಾಯರ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ. ರಾಯರಿಗೆ ಬಂದಿರುವುದು ಮದುವೆಯ ಕರೆಯೋಲೆಯೋ, ಸಾಲದ ನೋಟೀಸೋ, ಅದೂ ಬೇಡ. ಯಾವ ಚೀಲಕ್ಕೆ ಎಂಬುದಷ್ಟೇ ಅವರಿಗೆ ತಿಳಿದಿರಬೇಕು.

ಈ ಪ್ರಶ್ನೆ ಈಗ ಅಂಚೆಯ ಮನೆಯಿಂದ ಕಂಪ್ಯೂಟರುಗಳ ಕೋಣೆಗೂ ನಡೆದುಬಂದಿದೆ. ನಮ್ಮ ಮಕ್ಕಳು ಬೆಳಗ್ಗೆ ಕಚೇರಿಗೆ ಹೋಗಿ ತಮ್ಮ ಹೆಸರನ್ನೂ ಪಾಸ್‌ವರ್ಡನ್ನೂ ಒತ್ತಿದಾಗ ತೆರೆಯ ಹಿಂದೆ ನಡೆಯುವುದು ಎಷ್ಟೋ ಕಡೆ ಇದೇ ವಿಂಗಡಣೆಯ ಕೆಲಸ. ಅದನ್ನು ಅರಿಯಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗಿಂತ ಒಳ್ಳೆಯ ಪಾಠಶಾಲೆ ನನಗೆ ಕಾಣದು.

ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಕೇಂದ್ರದ ಸಂಪರ್ಕ ಖಾತೆಯಲ್ಲಿ ಅಧಿಕಾರಿಗಳಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅದರ ಕರ್ತೃಗಳು. ಸಂಸ್ಕೃತ ಕವಿಗಳೊಬ್ಬರು ಇಡೀ ದೇಶವನ್ನು ಆರು ಅಂಕಿಗಳಲ್ಲಿ ಅಡಗಿಸಿದರೆಂಬುದು ಸೋಜಿಗವಲ್ಲವೆ? ಮೊದಲ ಅಂಕಿ ವಲಯ, ಎರಡನೆಯದು ಉಪವಲಯ, ಮೂರನೆಯದು ವಿಂಗಡಣೆಯ ಜಿಲ್ಲೆ. ಕೊನೆಯ ಮೂರು ಬಟವಾಡೆ ಮಾಡುವ ಅಂಚೆಕಚೇರಿ. ದೂರದಲ್ಲಿರುವವರು ಮೊದಲ ಮೂರನ್ನು ನೋಡಿದರೆ ಸಾಕು, ಉಳಿದದ್ದನ್ನು ಹತ್ತಿರದವರು ನೋಡಿಕೊಳ್ಳುತ್ತಾರೆ.

ಕನಕಪುರದ ಸಂಖ್ಯೆ 562117, ಮಾಗಡಿಯದು 562120. ಆದರೆ ಚನ್ನಪಟ್ಟಣದ ಸಂಖ್ಯೆ ಬಹುಕಾಲ 571501 ಎಂದೂ ರಾಮನಗರದ್ದು 571511 ಎಂದೂ ಇತ್ತು. 571 ಎಂಬುದು ಮಂಡ್ಯ-ಮೈಸೂರು ಸೀಮೆಯ ಗುರುತು. ಜಿಲ್ಲೆ ಬೆಂಗಳೂರು, ಅಂಕಿ ಮೈಸೂರಿನ ಕಡೆಯದು! ಚನ್ನಪಟ್ಟಣದ ಬೊಂಬೆಯ ಅಂಗಡಿಗೆ ಬರೆದ ಕಾಗದವನ್ನು ಜಿಲ್ಲೆಯ ಹೆಸರು ನೋಡಿ ವಿಂಗಡಿಸಿದರೆ ಒಂದು ದಾರಿ, ಅಂಕಿ ನೋಡಿ ವಿಂಗಡಿಸಿದರೆ ಇನ್ನೊಂದು ದಾರಿ. ಈಗ ಎರಡೂ ಊರುಗಳು 562ಕ್ಕೆ ಸೇರಿವೆ: ರಾಮನಗರ 562159, ಚನ್ನಪಟ್ಟಣ 562160. ಊರು ಒಂದು ಮೊಳವೂ ಕದಲಲಿಲ್ಲ, ಚೀಲ ಬದಲಾಯಿತು.

ಹೆಸರುಗಳ ಕಥೆಯಂತೂ ಇನ್ನೂ ದೊಡ್ಡದು. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಆಗಿದ್ದ ಊರು ಸರ್ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆಯಾಯಿತು, ಸ್ವಾತಂತ್ರ್ಯ ಬಂದ ಮೇಲೆ ರಾಮನಗರವಾಯಿತು. (ಭೂವಿಜ್ಞಾನಿಗಳು ಮಾತ್ರ ಅಲ್ಲಿನ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ; ಬಂಡೆಗೆ ಯಾವ ಹೆಸರಾದರೇನು!) 1986ರವರೆಗೆ ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ ಜಿಲ್ಲೆ, 2025ರ ಮೇ ತಿಂಗಳಿನಲ್ಲಿ ಅದನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ರಾಜ್ಯದ ಸಚಿವ ಸಂಪುಟ ಒಪ್ಪಿತು. ಮಾಗಡಿಯ ನಮ್ಮ ರಾಯರು ಹುಟ್ಟಿದ ಮನೆಯ ಜಗುಲಿಯನ್ನು ಬಿಟ್ಟು ಏಳದೆಯೇ ಇಷ್ಟು ಜಿಲ್ಲೆಗಳನ್ನು ಸುತ್ತಿದಂತಾಯಿತು.

ಇನ್ನು ಕಂಪ್ಯೂಟರಿನ ಕೋಣೆಗೆ ಬರೋಣ. ದೊಡ್ಡ ಸಂಸ್ಥೆಗಳಲ್ಲಿ ನೌಕರರ ಹೆಸರು, ಹುದ್ದೆ, ಪಾಸ್‌ವರ್ಡ್ ಮುಂತಾದವನ್ನು ಇಟ್ಟಿರುವ ದಫ್ತರಕ್ಕೆ ಡೈರೆಕ್ಟರಿ ಎನ್ನುತ್ತಾರೆ. ಆ ದಫ್ತರವನ್ನು ಪ್ರಶ್ನಿಸುವ ಒಂದು ಗೊತ್ತಾದ ಭಾಷೆಯೇ ಎಲ್‌ಡಿಎಪಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1993ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಪ್ರತಿಯೊಬ್ಬರಿಗೂ ಉದ್ದನೆಯ ಹೆಸರುಂಟು, ನಮ್ಮ ವಿಳಾಸದಂತೆಯೇ ಒಳಗಿನಿಂದ ಹೊರಕ್ಕೆ: ವ್ಯಕ್ತಿ, ವಿಭಾಗ, ಶಾಖೆ, ಸಂಸ್ಥೆ.

ದಫ್ತರ ಒಂದೇ ಯಂತ್ರದಲ್ಲಿದ್ದರೆ ತೊಂದರೆಯಿಲ್ಲ. ನಾಲ್ಕು ಊರುಗಳಲ್ಲಿ ಶಾಖೆಗಳಿರುವ ಒಂದು ರೇಷ್ಮೆಯ ವ್ಯಾಪಾರ ಸಂಸ್ಥೆಯನ್ನು ಊಹಿಸಿಕೊಳ್ಳಿ. ಊರಿಗೊಂದು ಸರ್ವರ್, ಬೆಂಗಳೂರಿನಲ್ಲಿ ಪ್ರಧಾನ ಸರ್ವರ್. ಕೇಳುವವರಿಗೆ ಇಷ್ಟೆಲ್ಲ ಗೊತ್ತಿರಬೇಕಾಗಿಲ್ಲವೆಂದು ನಡುವೆ ಒಂದು ಮಧ್ಯವರ್ತಿಯನ್ನು ಕೂರಿಸುತ್ತಾರೆ. ಅದೇ ಪ್ರಾಕ್ಸಿ. ‘ಇಲ್ಲಿಲ್ಲ, ಅಲ್ಲಿ ಹೋಗಿ ಕೇಳಿ’ ಎಂದು ಕೈ ತೋರಿಸುವ ಪದ್ಧತಿಯೂ ಎಲ್‌ಡಿಎಪಿಯಲ್ಲಿ ಉಂಟು. ಸರ್ಕಾರಿ ಕಚೇರಿಗಳ ಕಿಟಕಿಗಳ ಮುಂದೆ ನಿಂತವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಪ್ರಾಕ್ಸಿ ಹಾಗೆ ಮಾಡದೆ ತಾನೇ ಹೋಗಿ ಕೇಳಿ ಉತ್ತರ ತಂದುಕೊಡುತ್ತದೆ.

ಅದು ನೋಡುವುದು ಹೆಸರಿನ ಬಾಲವನ್ನು. ‘ರಾಮನಗರ, ಸಂಸ್ಥೆ’ ಎಂದು ಮುಗಿದರೆ ರಾಮನಗರದ ಸರ್ವರಿಗೆ. ಬರಿಯ ‘ಸಂಸ್ಥೆ’ ಎಂದರೆ ಬೆಂಗಳೂರಿಗೆ. ರಾಮನಗರದವರ ಹೆಸರು ಎರಡು ನಿಯಮಗಳಿಗೂ ಹೊಂದುತ್ತದೆ; ಆಗ ಉದ್ದನೆಯ ಬಾಲಕ್ಕೆ ಮನ್ನಣೆ ಸಲ್ಲಬೇಕು. ಕೆಲವು ತಂತ್ರಾಂಶಗಳು ಇದನ್ನು ತಾವೇ ಅರಿತುಕೊಳ್ಳುತ್ತವೆ. ಓಪನ್‌ಎಲ್‌ಡಿಎಪಿಯಂಥವುಗಳಲ್ಲಿ ಉದ್ದನೆಯ ಬಾಲದ ನಿಯಮವನ್ನು ಗಿಡ್ಡದಕ್ಕಿಂತ ಮೊದಲು ಬರೆದಿರಬೇಕು. ತಿರುವುಮುರುವಾಗಿ ಬರೆದರೆ ವಿಶಾಲವಾದ ನಿಯಮ ಎಲ್ಲರನ್ನೂ ನುಂಗಿಬಿಡುತ್ತದೆ, ಕಿರಿದಾದ ನಿಯಮಕ್ಕೆ ಸರದಿಯೇ ಬಾರದು.

ಆಗ ಪಾಡು ಯಾರದು? ರಾಮನಗರದ ಹುಡುಗಿಯೊಬ್ಬಳು ಸರಿಯಾದ ಹೆಸರು, ಸರಿಯಾದ ಪಾಸ್‌ವರ್ಡ್ ಒತ್ತುತ್ತಾಳೆ. ಪ್ರಶ್ನೆ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಅವಳಿಲ್ಲ. ಯಾರಿದ್ದಾರೆ, ಯಾರಿಲ್ಲ ಎಂಬುದು ಕಳ್ಳರಿಗೆ ತಿಳಿಯಬಾರದೆಂದು ಸರ್ವರುಗಳು ಇಂಥ ಸಂದರ್ಭದಲ್ಲಿ ‘ಅಂಥವರಿಲ್ಲ’ ಎನ್ನುವುದಿಲ್ಲ; ಪಾಸ್‌ವರ್ಡ್ ತಪ್ಪಾದಾಗ ಕೊಡುವ ಉತ್ತರವನ್ನೇ, ಅಂದರೆ 49 ಎಂಬ ಸಂಖ್ಯೆಯ ದೋಷವನ್ನೇ, ಕೊಡುತ್ತವೆ. ದಾರಿ ತಪ್ಪಿಸಿದ್ದು ಪ್ರಾಕ್ಸಿ, ತಪ್ಪಿತಸ್ಥಳಾದವಳು ಹುಡುಗಿ. ಮೇಲಧಿಕಾರಿಗಳು ‘ಏನಮ್ಮಾ, ನೆನಪಿಟ್ಟುಕೊಳ್ಳಬಾರದೆ?’ ಎನ್ನುತ್ತಾರೆ. ಅಂಚೆಯಲ್ಲಾದರೆ ಕಾಗದ ಮುದ್ರೆ ಹಾಕಿಸಿಕೊಂಡು ಹಿಂದಿರುಗೀತು, ಎಲ್ಲೆಲ್ಲಿ ಅಲೆಯಿತೆಂದು ಆ ಮುದ್ರೆಗಳೇ ಹೇಳೀತು. ಇಲ್ಲಿ ಪ್ರಾಕ್ಸಿಯ ದಾಖಲೆಯನ್ನು ತೆರೆದು ನೋಡುವವರೆಗೆ ಯಾರಿಗೂ ತಿಳಿಯದು. ಹಾಗಾಗಿ ಯಾವ ಪ್ರಶ್ನೆ ಯಾವ ಸರ್ವರಿಗೆ ಹೋಯಿತೆಂದು ಬರೆದಿಡದ ಪ್ರಾಕ್ಸಿಯನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಇಡೀ ಸಂಸ್ಥೆಯಲ್ಲಿ ಹುಡುಕಬೇಕಾದಾಗ ಪ್ರಾಕ್ಸಿ ನಾಲ್ಕೂ ಊರುಗಳನ್ನು ಕೇಳಿ ಉತ್ತರಗಳನ್ನು ಒಟ್ಟುಗೂಡಿಸುತ್ತದೆ. ಕನಕಪುರದ ಸರ್ವರ್ ಮೂಕವಾಗಿದ್ದರೆ? ಉಳಿದ ಮೂವರದನ್ನು ಕೊಟ್ಟು ಸುಮ್ಮನಾಗಬಹುದು, ಇಲ್ಲವೆ ಕೆಲಸ ಕೆಟ್ಟಿತೆಂದು ಹೇಳಬಹುದು. ಯಾವುದೆಂದು ನಾವು ಮೊದಲೇ ತಿಳಿಸಿರಬೇಕು. ಫೋನ್ ನಂಬರು ಹುಡುಕುವವರಿಗೆ ಮೂರಾದರೂ ಸಿಕ್ಕಿತಲ್ಲ ಎಂಬ ಸಮಾಧಾನ. ಸಂಬಳದ ಪಟ್ಟಿ ತಯಾರಿಸುವವರಿಗೆ ಮಾತ್ರ ಕನಕಪುರದವರನ್ನು ಬಿಟ್ಟ ಪೂರ್ಣಪಟ್ಟಿಗಿಂತ ದೊಡ್ಡ ಅಪಾಯವಿಲ್ಲ.

ಇನ್ನೊಂದು ಸೂಕ್ಷ್ಮ. ಒಂದೇ ದಫ್ತರದ ಹಲವು ಪ್ರತಿಗಳಿದ್ದಾಗ ಓದುವ ಪ್ರಶ್ನೆಗಳನ್ನು ಅವುಗಳಲ್ಲಿ ಹಂಚಬಹುದು, ತಿದ್ದುಪಡಿಯನ್ನು ಮೂಲಪ್ರತಿಗೆ ಕಳುಹಿಸುವುದು ವಾಡಿಕೆ. ಹೊಸ ಪಾಸ್‌ವರ್ಡ್ ಇಟ್ಟ ಮರುಗಳಿಗೆಯೇ ಒಳಹೋಗಲು ಯತ್ನಿಸಿದರೆ, ತಿದ್ದುಪಡಿ ಇನ್ನೂ ತಲಪದ ಪ್ರತಿಗೆ ಪ್ರಶ್ನೆ ಹೋಗಿ ಬಾಗಿಲು ಮುಚ್ಚಿಕೊಂಡೀತು. ಅದಕ್ಕೆಂದೇ ತಿದ್ದಿದವರ ಮುಂದಿನ ಪ್ರಶ್ನೆಗಳನ್ನು ಸ್ವಲ್ಪ ಕಾಲ ಅದೇ ಮೂಲಪ್ರತಿಗೆ ಕಟ್ಟಿಹಾಕುವ ಏರ್ಪಾಡು ಒಳ್ಳೆಯ ಪ್ರಾಕ್ಸಿಗಳಲ್ಲಿ ಉಂಟು.

ಕೊನೆಗೆ ಮತ್ತೆ ಹೆಸರಿನ ಮಾತು. ಸಂಸ್ಥೆಯವರು ‘ರಾಮನಗರ’ ಎಂಬ ಬಾಲವನ್ನು ‘ಬೆಂಗಳೂರು ದಕ್ಷಿಣ’ವೆಂದು ಬದಲಿಸಿದರೆನ್ನಿ. ಹಳೆಯ ಹೆಸರಿನಲ್ಲಿ ಕೇಳುವ ಹತ್ತಾರು ಯಂತ್ರಗಳು ಮೂಲೆಮೂಲೆಗಳಲ್ಲಿ ಇದ್ದೇ ಇರುತ್ತವೆ. ಹಳೆಯ ಬಾಲವನ್ನು ಕಂಡರೆ ಹೊಸದಾಗಿ ತಿದ್ದಿ ಮುಂದಕ್ಕೆ ಕಳುಹಿಸೆಂದು ಪ್ರಾಕ್ಸಿಗೆ ಹೇಳಬಹುದು. ಉತ್ತರ ಬರುವಾಗ ಮರಳಿ ಹಳೆಯ ಹೆಸರನ್ನೇ ಹಚ್ಚಿ ಕೊಡಬೇಕು, ಇಲ್ಲದಿದ್ದರೆ ಕೇಳಿದ ಯಂತ್ರ ಗುರುತು ಹಿಡಿಯದು. ಈ ಉಪಚಾರ ಎಷ್ಟು ದಿನ? ದಾಖಲೆಯನ್ನು ನೋಡುತ್ತಿದ್ದು, ತಿಂಗಳುಗಟ್ಟಲೆ ಯಾರೂ ಹಳೆಯ ಹೆಸರಿನಲ್ಲಿ ಬಾರದಿದ್ದರೆ ತೆಗೆದುಹಾಕಬಹುದು. ಅಷ್ಟರೊಳಗೆ ವಾಚಕರೂ ಮನೆಯ ಹಳೆಯ ವಿಳಾಸದ ಪುಸ್ತಕವನ್ನೊಮ್ಮೆ ತೆರೆದು ನೋಡಲಿ. ರಾಮನಗರದ ಚಿಕ್ಕಪ್ಪನ ಹೆಸರಿನ ಮುಂದೆ 571511 ಎಂದಿದ್ದರೆ ಹೊಡೆದುಹಾಕಿ 562159 ಎಂದು ಬರೆದುಕೊಳ್ಳಲಿ.