ಒಂದು ಅವಧಿ, ಒಂದೇ ಸಂಖ್ಯೆ

ಅವಿಭಾಜ್ಯ ಸಂಖ್ಯೆಗಳ ಬಗ್ಗೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. 1ರಿಂದ 100ರವರೆಗಿನ ಚಾರ್ಟು, ಎರಟೋಸ್ತನೀಸನ ಜರಡಿ, ಭಾಜ್ಯತೆಯ ನಿಯಮಗಳು, ಕೊನೆಗೆ ಮೌಲ್ಯಮಾಪನಕ್ಕೆ ಐದು ಪ್ರಶ್ನೆ. ನಲವತ್ತು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತದೆ. ಆದರೆ ಹೀಗೆ ಕಲಿತ ಮಗು, ಗೊತ್ತಿರುವ ಯಾವ ನಿಯಮಕ್ಕೂ ಸಿಗದ ಸಂಖ್ಯೆ ಅವಿಭಾಜ್ಯವೇ ಎಂದು ತಿಳಿದುಬಿಡುತ್ತದೆ. ತಪ್ಪು ಮಗುವಿನದಲ್ಲ. 1ನ್ನು ಬಿಟ್ಟರೆ, ನೂರರೊಳಗೆ 2, 3, 5, 7ರ ಮಗ್ಗಿಗೆ ಹೊರತಾದದ್ದೆಲ್ಲ ಅವಿಭಾಜ್ಯವೇ ತಾನೆ?

ಅದಕ್ಕೇ ಒಂದು ಇಡೀ ಅವಧಿಯನ್ನು 4294967297ಕ್ಕೆ ಕೊಡಬೇಕೆಂದು ನನ್ನ ವಾದ.

2, 4, 16, 256, 65536. ಪ್ರತಿಯೊಂದೂ ಹಿಂದಿನದರ ವರ್ಗ. ಒಂದೊಂದಕ್ಕೂ 1 ಕೂಡಿಸಿದರೆ 3, 5, 17, 257, 65537, ಐದೂ ಅವಿಭಾಜ್ಯ. ಈ ಸಾಲು ಹೀಗೇ ಮುಂದುವರಿಯುತ್ತದೆಂದು ಫರ್ಮಾನಂಥ ಗಣಿತಜ್ಞನೇ ನಂಬಿದ್ದ. ಆರನೆಯದೇ ನಮ್ಮ ಸಂಖ್ಯೆ. ಅದರ ಅಂಕಿಗಳ ಮೊತ್ತ 59, ಹಾಗಾಗಿ 3ಕ್ಕೆ ಸಿಗದು. 2, 5, 7, 11ಕ್ಕೂ ಸಿಗದು. 1732ರಲ್ಲಿ ಆಯ್ಲರ್ ಅದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ತೋರಿಸಿದ.

ಎಂಟನೇ ತರಗತಿಗೆ ಹತ್ತಂಕಿಯ ಸಂಖ್ಯೆಯೇ, ಪಠ್ಯ ಮುಗಿಯಬೇಡವೇ ಎಂಬ ಆಕ್ಷೇಪ ಬರುತ್ತದೆ. ಭಾಗಾಕಾರವನ್ನು ಒಮ್ಮೆ ಮಾಡಿ ನೋಡಿ. ಮೊದಲು 6, ಆಮೇಲೆ 7. ಶೇಷ ಬರೀ 2. 6ನ್ನು ಇಳಿಸಿದರೆ 26, ಸಾಲದು. 7ನ್ನು ಇಳಿಸಿದರೆ 267, ಅದೂ ಸಾಲದು. ಭಾಗಲಬ್ಧದಲ್ಲಿ ಎರಡು ಸೊನ್ನೆ ಹಾಕಲೇಬೇಕು. ಮಕ್ಕಳು ಸೊನ್ನೆ ಬಿಡುವುದು ಇಂಥ ಜಾಗದಲ್ಲೇ. ಉತ್ತರ 6700417. (ಎಂಟಂಕಿಯ ಅಂಗಡಿ ಕ್ಯಾಲ್ಕುಲೇಟರಿನಲ್ಲಿ ಈ ಸಂಖ್ಯೆ ಹಿಡಿಸುವುದೇ ಇಲ್ಲ; ಅದೂ ಒಳ್ಳೆಯದೇ.)

ಮೊದಲೇ 641 ಎಂದು ಹೇಳಿಬಿಟ್ಟರೆ ಮಾತ್ರ ಪಾಠ ಕೆಟ್ಟಿತು. ಅವಿಭಾಜ್ಯಗಳ ಸಾಲಿನಲ್ಲಿ ಅದು 116ನೆಯದು. ನಲವತ್ತು ಮಕ್ಕಳಿಗೆ ತಲಾ ಮೂರರಂತೆ ಕ್ರಮವಾಗಿ ಹಂಚಿದರೆ ಅದು ಮೂವತ್ತೊಂಬತ್ತನೆಯ ಮಗುವಿನ ಪಾಲು. ಉಳಿದವರಿಗೆಲ್ಲ ಬರೀ ಶೇಷ. ಆ ಶೇಷಗಳೂ ಉತ್ತರವೇ ಎಂದು ಹಲಗೆಯ ಮೇಲೆ ಬರೆಯುವುದು ಶಿಕ್ಷಕನ ಕೆಲಸ. ಇದರ ಅಪವರ್ತನಗಳೆಲ್ಲ 64ರ ಗುಣಕಕ್ಕಿಂತ ಒಂದು ಹೆಚ್ಚು ಇರಬೇಕೆಂಬುದನ್ನೂ ಆಯ್ಲರನೇ ಸಾಧಿಸಿದ. ಆಗ ಪರೀಕ್ಷಿಸಬೇಕಾದವು 193, 257, 449, 577, 641 ಮಾತ್ರ. 116 ಐದಕ್ಕೆ ಇಳಿಯಿತು. ಬಿ.ಎಸ್ಸಿ.ಯಲ್ಲಿ ಓದಿದ ಸಂಖ್ಯಾಸಿದ್ಧಾಂತ ಏತಕ್ಕೆಂದು ನಮಗೂ ಗೊತ್ತಾಗುವುದು ಇಲ್ಲೇ.

ತೊಡಕಿರುವುದು ನಮ್ಮ ವೀಕ್ಷಣಾ ನಮೂನೆಯಲ್ಲಿ. ‘ಪಾಠ ನಿಗದಿತ ಅವಧಿಯಲ್ಲಿ ಮುಗಿಯಿತೇ’ ಎಂಬುದಕ್ಕೆ ಅಂಕವಿದೆ. 6700417 ಕೂಡ ಅವಿಭಾಜ್ಯವೇ ಎಂದು ಮಗುವೊಂದು ಕೇಳಿದರೆ ಅದು ಹೌದು, ಆದರೆ ನಿಯಮಗಳಷ್ಟರಿಂದಲೇ ತೋರಿಸಲು 2588ರವರೆಗಿನ ಅವಿಭಾಜ್ಯಗಳನ್ನೆಲ್ಲ ನೋಡಬೇಕು. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಆ ಪ್ರಶ್ನೆ ಹಲಗೆಯ ಮೇಲೆ ಹಾಗೇ ಉಳಿದ ದಿನ ಮಾರ್ಗದರ್ಶಕರು ಆ ಅಂಕವನ್ನು ಕಳೆಯಬಾರದು.