ಟೊಮೆಟೊ ‘ಟಮಟ’ ಆಗಬಾರದು

ಮಾಲೂರು ತಾಲ್ಲೂಕಿನ ನಮ್ಮ ಲಕ್ಕೂರು ಹೋಬಳಿಯಲ್ಲಿ ಬೇಸಾಯದ ಅನುಭವಕ್ಕೆ ಬರವಿಲ್ಲ. ಟೊಮೆಟೊಗೆ ಎಲೆಮುದುರು ಬಂದಾಗ ಏನು ಮಾಡಬೇಕು, ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ಡ್ರಿಪ್ ಪೈಪಿಗೆ ಆಸಿಡ್ ಹೇಗೆ ಬಿಡಬೇಕು, ರೇಷ್ಮೆಹುಳು ಪೊರೆ ಬಿಡುವ ಜ್ವರಕ್ಕೆ ಕೂತಾಗ ಸುಣ್ಣ ಯಾವಾಗ ಎರಚಬೇಕು, ಎಲ್ಲಕ್ಕೂ ಇಲ್ಲಿ ಉತ್ತರವಿದೆ. ಆದರೆ ಆ ಉತ್ತರಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದು ಅಲ್ಲೇ ಹೂತುಹೋಗುತ್ತಿವೆ. ಅವನ್ನು ಪುಟಪುಟವಾಗಿ ಜೋಡಿಸಿ, ಎಲ್ಲರೂ ಹುಡುಕಿ ಓದುವಂತೆ ಇಡಬೇಕು. ಊರಿನ ಹುಡುಗರೇ ಇದನ್ನು ಮಾಡಬಲ್ಲರು ಎಂಬುದು ನನ್ನ ಗಟ್ಟಿ ನಂಬಿಕೆ.

ಅದಕ್ಕೆ ಬೇಕಾದ ಸಾಧನ ಪುಕ್ಕಟೆಯಾಗಿಯೇ ಇದೆ. ಸಾದಾ ಪಠ್ಯದಿಂದ ಜಾಲಪುಟ ಕಟ್ಟಿಕೊಡುವ, 2014ರಲ್ಲಿ ಹೊರಬಂದ ಎಂಕೆಡಾಕ್ಸ್ ಅಂಥದ್ದೊಂದು. ಮೊದಲು ಅದು ನಡೆಯಲು ಬೇಕಾದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹಾಕಿಕೊಳ್ಳಬೇಕು. ವಿಂಡೋಸ್‌ನಲ್ಲಾದರೆ ಆಗ ‘ಪಾತ್’ಗೆ ಸೇರಿಸು ಎನ್ನುವ ಚೌಕಕ್ಕೆ ಟಿಕ್ ಹಾಕಲೇಬೇಕು, ಇಲ್ಲದಿದ್ದರೆ ಮುಂದಿನ ಆದೇಶಗಳು ಕಂಪ್ಯೂಟರಿಗೆ ಸಿಗದೇ ಹೋಗಬಹುದು. ಆಮೇಲೆ ಆದೇಶ ಟೈಪಿಸುವ ಕಪ್ಪು ಕಿಟಕಿಯಲ್ಲಿ ‘ಪಿಪ್ ಇನ್‌ಸ್ಟಾಲ್ ಎಂಕೆಡಾಕ್ಸ್’, ‘ಎಂಕೆಡಾಕ್ಸ್ ನ್ಯೂ’ ಜೊತೆಗೊಂದು ಹೆಸರು, ಆ ಫೋಲ್ಡರಿನೊಳಗೆ ಹೋಗಿ ‘ಎಂಕೆಡಾಕ್ಸ್ ಸರ್ವ್’. ಅಷ್ಟಾದ ಮೇಲೆ ಅಲ್ಲಿ ಕಾಣುವ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದರೆ ಪುಟ ತೆರೆದುಕೊಳ್ಳುತ್ತದೆ. ಬರೆಯುವುದು ಸಾದಾ ಪಠ್ಯದ ಕಡತದಲ್ಲಿ, ತಲೆಬರಹದ ಮುಂದೆ ಒಂದು ಹ್ಯಾಷ್ ಗುರುತು ಇಟ್ಟರಾಯಿತು.

ತೊಡಕು ಶುರುವಾಗುವುದು ಕನ್ನಡದಲ್ಲಿ ಬರೆದಾಗ. ಪುಟದ ಮೇಲೆ ತಲೆಬರಹ ಸರಿಯಾಗಿಯೇ ಕಾಣುತ್ತದೆ. ಆದರೆ ಆ ಭಾಗಕ್ಕೆ ನೇರವಾಗಿ ಹೋಗುವ ಕೊಂಡಿಯನ್ನು ಈ ಸಾಧನ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಉಳಿಸಿಕೊಂಡು ಕಟ್ಟುತ್ತದೆ. ಕನ್ನಡವೆಲ್ಲ ಉದುರಿ, ಅಡಿಗೆರೆಯ ಪಕ್ಕದಲ್ಲೊಂದು ಅಂಕಿ ಮಾತ್ರ ಮಿಗುತ್ತದೆ. ಮಧ್ಯದಲ್ಲಿ ಒಂದು ತಲೆಬರಹ ಹೊಸದಾಗಿ ಸೇರಿಸಿದರೆ ಅಂಕಿಗಳೇ ಪಲ್ಲಟವಾಗಿ, ನಿನ್ನೆ ರೈತರಿಗೆ ಕಳಿಸಿದ ಕೊಂಡಿ ಇವತ್ತು ಬೇರೆಲ್ಲಿಗೋ ಕರೆದೊಯ್ಯುತ್ತದೆ. ಯೂನಿಕೋಡ್ ಉಳಿಸು, ಅಂದರೆ ಇಂಗ್ಲಿಷೇತರ ಅಕ್ಷರಗಳನ್ನೂ ಇಟ್ಟುಕೋ ಎಂಬ ಆಯ್ಕೆ ಕೊಟ್ಟರೂ ಪೂರ್ತಿ ಪರಿಹಾರವಿಲ್ಲ. ಪೈಥಾನಿನ ಪದ ಗುರುತಿಸುವ ನಿಯಮದಲ್ಲಿ ನಮ್ಮ ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರ ಕಟ್ಟುವ ಗುರುತು ಯಾವುದೂ ಅಕ್ಷರವಲ್ಲ. ಹಾಗಾಗಿ ಟೊಮೆಟೊ ‘ಟಮಟ’ ಆಗುತ್ತದೆ, ರೇಷ್ಮೆ ‘ರಷಮ’ ಆಗುತ್ತದೆ. ನಮ್ಮ ಸೀಮೆಯ ಎಷ್ಟೋ ಮನೆಗಳ ಮಾತಾದ ತೆಲುಗಿಗೂ ಇದೇ ಗತಿ.

1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಇಷ್ಟು ವರ್ಷಗಳ ಮೇಲೂ ಗುಣಿತದ ಗುರುತುಗಳು ಉದುರುತ್ತಿವೆಯೆಂದರೆ ನನಗೆ ಸಂಕಟವಾಗುತ್ತದೆ. ಈ ಸಾಧನಗಳ ಮೂಲ ಸಂಕೇತ ಯಾರು ಬೇಕಾದರೂ ತೆರೆದು ತಿದ್ದಬಹುದಾದದ್ದು. ಬೆಳಗಿನ ರೈಲಿನಲ್ಲಿ ಮಾಲೂರಿನಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಇದು ಮೀರಿದ ಕೆಲಸವಲ್ಲ. ಕೋಲಾರ ಜಿಲ್ಲೆಯ ಕಾಲೇಜುಗಳು ಇದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ ಕೊಡಲಿ, ಜೊತೆಗೆ ಅಳವಡಿಕೆಯ ಕೈಪಿಡಿಯನ್ನು ಕನ್ನಡದಲ್ಲಿ ಬರೆಸಲಿ. ತಿದ್ದುಪಡಿ ಆಗುವವರೆಗೆ ಪ್ರತಿ ತಲೆಬರಹಕ್ಕೂ ಕೊಂಡಿಯ ಹೆಸರನ್ನು ಕೈಯಾರೆ ಇಂಗ್ಲಿಷಿನಲ್ಲಿ ಕೊಟ್ಟು ಕೆಲಸ ಸಾಗಿಸಬಹುದು. ಎಲೆಮುದುರಿನ ಪುಟವನ್ನಂತೂ ಮುಂದಿನ ನಾಟಿಗೆ ಮೊದಲೇ ಬರೆದು ಮುಗಿಸಬೇಕು.