ಜ್ವರ ನೋಡಲು ಬಂದವರೇ ಜ್ವರ ತಂದರೆ?

ಮಕ್ಕಳೇ, ಮೊದಲು ಒಂದು ಒಗಟು. ಮೈಯಲ್ಲಿ ಜ್ವರವಿಲ್ಲ, ಆದರೂ ಥರ್ಮಾಮೀಟರ್ ಇಟ್ಟಾಗಲೆಲ್ಲ ಮೂರ್ಛೆ ಹೋಗುತ್ತದೆ. ಏನದು? ಪಕ್ಕದಲ್ಲಿ ಕೂತಿರುವ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ಅವರಿಗೂ ಹೊಳೆಯಲಿಲ್ಲವೇ? ಉತ್ತರ: ಕಂಪ್ಯೂಟರ್.

ಕಂಪ್ಯೂಟರ್ ಮೂರ್ಛೆ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಮೌಸ್ ಎಳೆದರೆ ಬಾಣ ಅಲುಗುವುದಿಲ್ಲ. ಹಾಡು ಬರುತ್ತಿದ್ದರೆ ಸವೆದ ಗ್ರಾಮೊಫೋನ್ ತಟ್ಟೆಯ ಹಾಗೆ ಒಂದೇ ಸ್ವರ ಗರಗರ ಎನ್ನುತ್ತದೆ. ಮೂಲೆಯ ಗಡಿಯಾರವೂ ನಿಂತುಬಿಡುತ್ತದೆ. 'ಹ್ಯಾಂಗ್ ಆಯಿತು' ಎನ್ನುತ್ತೇವೆ. ಹಾಗಾದ ಕೂಡಲೇ ನಮಗೆ ಬರುವ ಮೊದಲ ಅನುಮಾನ, ಯಂತ್ರ ಕಾದಿದೆ ಎಂದು. ಆ ಅನುಮಾನ ತಪ್ಪಲ್ಲ. ಧೂಳು ತುಂಬಿ ಫ್ಯಾನ್ ತಿರುಗದಿದ್ದರೆ ಯಂತ್ರ ಕಾಯುತ್ತದೆ, ನಿಲ್ಲಲೂಬಹುದು. ಆದರೆ ಶಾಖವನ್ನು ಅಳೆಯಲು ನಾವೇ ಹಾಕಿಕೊಂಡ ತಂತ್ರಾಂಶವೇ ಯಂತ್ರವನ್ನು ನಿಲ್ಲಿಸುವುದೂ ಉಂಟು. ಈ ವಾರ ಅದರ ಕಥೆ.

ಕಂಪ್ಯೂಟರಿನ ಒಳಗೆ ಶಾಖ ಅಳೆಯುವ, ಫ್ಯಾನಿನ ಸುತ್ತು ಎಣಿಸುವ, ವಿದ್ಯುತ್ತಿನ ವೋಲ್ಟೇಜ್ ನೋಡುವ ಪುಟ್ಟ ಸೆನ್ಸರ್‌ಗಳಿವೆ. ಅವುಗಳ ಅಂಕಿಗಳನ್ನು ಓದಿ ಪರದೆಯ ಮೇಲೆ ತೋರಿಸುವ ತಂತ್ರಾಂಶಗಳೂ ಹಲವು ಇವೆ. ಎಚ್‌ಡಬ್ಲ್ಯೂ ಇನ್ಫೋ, ಲಿಬ್ರೆ ಹಾರ್ಡ್‌ವೇರ್ ಮಾನಿಟರ್, ಫ್ಯಾನ್ ಕಂಟ್ರೋಲ್ ಇಂಥ ಕೆಲವು ಹೆಸರುಗಳು. ಮದರ್‌ಬೋರ್ಡ್ ಮಾಡಿದ ಕಂಪನಿಗಳೂ ತಮ್ಮದೇ ಒಂದನ್ನು ಕೊಡುತ್ತವೆ. ಆಟ ಆಡುವ ಮಕ್ಕಳಿಗೆ ಇವೆಂದರೆ ಪ್ರೀತಿ. ಕೆಂಪು, ಹಸಿರು ಅಂಕಿಗಳು ಓಡುತ್ತಿದ್ದರೆ ವಿಮಾನದ ಚಾಲಕನಾದಷ್ಟು ಸಂತೋಷ.

ಇವು ಬರೀ ನೋಡುತ್ತವಲ್ಲ, ತೊಂದರೆ ಹೇಗೆ ಕೊಡುತ್ತವೆ? ಇದನ್ನು ಹಳೆಯ ಬ್ಯಾಂಕಿನ ಲೆಕ್ಕದಲ್ಲಿ ಹೇಳಿದರೆ ಅಜ್ಜಂದಿರಿಗೆ ತಕ್ಷಣ ಅರ್ಥವಾದೀತು. ನಾನು ಗುಮಾಸ್ತನಾಗಿದ್ದ ಕಾಲದಲ್ಲಿ ಉಳಿತಾಯ ಖಾತೆಗಳೆಲ್ಲ ದಪ್ಪ ಲೆಡ್ಜರ್‌ಗಳಲ್ಲಿದ್ದವು. ಒಬ್ಬ ಗುಮಾಸ್ತ 41ನೇ ಪುಟ ತೆರೆದು, ಬಾಕಿ ಎಷ್ಟೆಂದು ಓದುವ ಮೊದಲೇ ಇನ್ನೊಬ್ಬ ಬಂದು 70ನೇ ಪುಟಕ್ಕೆ ಮಗುಚಿದ ಎನ್ನಿ. ಮೊದಲಿನವನು ಕಣ್ಣು ಹಾಯಿಸಿದರೆ ಕಾಣುವುದು ಬೇರೆ ಯಾರದೋ ಬಾಕಿ! ಲೆಡ್ಜರ್ ಸುಳ್ಳು ಹೇಳಲಿಲ್ಲ, ಇಬ್ಬರೂ ಕಳ್ಳರಲ್ಲ, ಆದರೂ ಲೆಕ್ಕ ತಪ್ಪಿತು.

ಅನೇಕ ಮದರ್‌ಬೋರ್ಡ್‌ಗಳ ಸೆನ್ಸರ್ ಚಿಪ್ಪಿನ ವ್ಯವಹಾರ ಹೀಗೇ ಇದೆ. ಅದಕ್ಕೆ ಎರಡು ಕಿಂಡಿಗಳು. ಮೊದಲ ಕಿಂಡಿಯಲ್ಲಿ 'ಎಷ್ಟನೇ ಪುಟ ಬೇಕು' ಎಂದು ಸಂಖ್ಯೆ ಹಾಕಬೇಕು. ಎರಡನೇ ಕಿಂಡಿಯಲ್ಲಿ ಆ ಪುಟದ ಅಂಕಿ ಸಿಗುತ್ತದೆ. ಒಂದು ತಂತ್ರಾಂಶ ಸಂಖ್ಯೆ ಹಾಕಿ ಉತ್ತರ ಓದುವಷ್ಟರಲ್ಲಿ ಇನ್ನೊಂದು ತಂತ್ರಾಂಶ ತನ್ನ ಸಂಖ್ಯೆ ಹಾಕಿದರೆ ಪುಟ ಮಗುಚಿದಂತೆಯೇ. ಆಗ 40 ಡಿಗ್ರಿ ಇರುವ ಕಡೆ 127 ಎಂದು ಕಾಣಬಹುದು, ತಿರುಗುತ್ತಿರುವ ಫ್ಯಾನಿನ ವೇಗ ಸೊನ್ನೆ ಎನ್ನಬಹುದು. ಓದುವುದಷ್ಟೇ ಅಲ್ಲ, ಫ್ಯಾನಿಗೆ ಆದೇಶ ಬರೆಯುವ ತಂತ್ರಾಂಶವಾದರೆ ಬರಹ ತಪ್ಪು ಪುಟಕ್ಕೆ ಬೀಳುತ್ತದೆ.

ಇದಕ್ಕೆ ಪರಿಹಾರವಾಗಿ ಕೆಲವು ತಂತ್ರಾಂಶಗಳು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿವೆ. ಬ್ಯಾಂಕಿನ ಹಿತ್ತಾಳೆ ಟೋಕನ್ ನೆನಪಿದೆಯಲ್ಲ? ಹಾಗೆ ಒಂದು ಟೋಕನ್ ಇರುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರೇ ಚಿಪ್ಪಿನ ಹತ್ತಿರ ಹೋಗಬೇಕು, ಉಳಿದವರು ಕಾಯಬೇಕು. ಆದರೆ ಸಾಲಿನಲ್ಲಿ ನಿಲ್ಲದೆ ನುಗ್ಗುವವರು ಎಲ್ಲ ಕಡೆಯೂ ಇರುತ್ತಾರೆ. ಟೋಕನ್ ಕೇಳದ ಒಂದು ತಂತ್ರಾಂಶ ಇದ್ದರೂ ಒಪ್ಪಂದ ಮುರಿದಂತೆ.

ಇನ್ನೊಂದು ಮಾತು. ಮಾಮೂಲಿ ತಂತ್ರಾಂಶ ಕೆಟ್ಟರೆ ಅದರ ಕಿಟಕಿ ಮಾತ್ರ ನಿಲ್ಲುತ್ತದೆ, ಉಳಿದವು ನಡೆಯುತ್ತವೆ. ಸೆನ್ಸರ್ ಓದುವ ತಂತ್ರಾಂಶ ಹಾಗಲ್ಲ. ಅದು ಡ್ರೈವರ್ ಎಂಬ ಸಹಾಯಕನನ್ನು ಕಂಪ್ಯೂಟರಿನ ಒಳಮನೆಗೆ ಕಳಿಸುತ್ತದೆ. ಕೌಂಟರಿನ ಮುಂದೆ ಗ್ರಾಹಕನೊಬ್ಬ ಕುಸಿದರೆ ನೀರು ಕೊಟ್ಟು ಕೂರಿಸಬಹುದು. ಸ್ಟ್ರಾಂಗ್ ರೂಮಿನ ಬಾಗಿಲಿಗೆ ಅಡ್ಡಲಾಗಿ ಒಬ್ಬ ಕುಸಿದರೆ ಇಡೀ ಶಾಖೆಯ ವ್ಯವಹಾರವೇ ನಿಲ್ಲುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೆನ್ಸರಿನ ಉತ್ತರ ಬಹಳ ನಿಧಾನ. ಎರಡೆರಡು ಸೆಕೆಂಡಿಗೆ ಕೇಳುತ್ತಿದ್ದರೆ, ಪ್ರತಿ ಸಲವೂ ಯಂತ್ರ ಕ್ಷಣಕಾಲ ತಡವರಿಸುತ್ತದೆ.

'ಬರೀ ನೋಡಿದೆ' ಎಂಬ ಮಾತು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಒಂದು ಹಳೆಯ ಉದಾಹರಣೆಯಿದೆ. ಈ ಶತಮಾನದ ಆರಂಭದಲ್ಲಿ ಲಿನಕ್ಸ್ ಬಳಸುವವರು ಎಲ್‌ಎಂ ಸೆನ್ಸರ್ಸ್ ಎಂಬ ತಂತ್ರಾಂಶದಿಂದ ಶಾಖ ನೋಡುತ್ತಿದ್ದರು. ಯಾವ ವಿಳಾಸದಲ್ಲಿ ಸೆನ್ಸರ್ ಇದೆ ಎಂದು ತಿಳಿಯಲು ಅದು ಒಂದೊಂದೇ ಬಾಗಿಲು ತಟ್ಟುತ್ತಿತ್ತು. ಐಬಿಎಂನ ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಬಾಗಿಲ ಹಿಂದೆ ಇದ್ದದ್ದು ಸೆನ್ಸರ್ ಅಲ್ಲ, ಯಂತ್ರದ ಗುರುತು, ವಿವರಗಳನ್ನು ಇಟ್ಟುಕೊಂಡ ನೆನಪಿನ ಚಿಪ್. ಬಾಗಿಲು ತಟ್ಟಿದ ಸದ್ದಿಗೇ ಅದರೊಳಗಿನ ಬರಹ ಕೆಟ್ಟುಹೋಯಿತು. ಅಂಥ ಲ್ಯಾಪ್‌ಟಾಪ್‌ಗಳು ಮತ್ತೆ ಏಳಲೇ ಇಲ್ಲ. ಆಮೇಲೆ ಐಬಿಎಂ ಯಂತ್ರ ಎಂದು ಗೊತ್ತಾದ ಕೂಡಲೇ ದೂರ ಸರಿಯುವಂತೆ ಅದನ್ನು ತಿದ್ದಿದರು.

ಈಗ ನಮ್ಮ ಬಡಾವಣೆಯ ಒಂದು ಮನೆಗೆ ಬರೋಣ. ಅಲ್ಲಿ ಒಂಬತ್ತನೇ ತರಗತಿಯ ಹುಡುಗಿ, ಅವಳ ಅಜ್ಜಿ ಇದ್ದಾರೆ. ತೀರಿಹೋದ ತಾತ ತಾವಿದ್ದಾಗ ಸ್ಕ್ಯಾನ್ ಮಾಡಿಟ್ಟ ಮನೆಯವರ ಹಳೆಯ ಫೋಟೊಗಳೆಲ್ಲ ಅವರ ಕಂಪ್ಯೂಟರಿನಲ್ಲಿವೆ. ಅದು ದಿನಕ್ಕೆ ಮೂರು ನಾಲ್ಕು ಸಲ ನಿಲ್ಲತೊಡಗಿತು. ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕು ಎಂದರು. ಅದಕ್ಕಿಂತ ಹೊಸದೇ ಕೊಳ್ಳಿ ಎಂದರು ನೆಂಟರು. ಪ್ರತಿ ಸಲ ಗುಂಡಿ ಒತ್ತಿ ಬಲವಂತವಾಗಿ ಆರಿಸುವಾಗಲೂ ಅಜ್ಜಿಗೆ ಫೋಟೊಗಳದೇ ಚಿಂತೆ.

ಅಜ್ಜಿ ಕಂಪ್ಯೂಟರ್ ಓದಿದವರಲ್ಲ. ಆದರೆ ಲೆಕ್ಕ ಬರೆಯುವ ಅಭ್ಯಾಸ ಇತ್ತು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಗೆರೆ ಎಳೆದು, ನಿಂತ ಹೊತ್ತು, ಆಗ ಕೊನೆಗೆ ಕಂಡ ಶಾಖ, ತೆರೆದಿದ್ದ ಕಿಟಕಿಗಳು ಎಂದು ಮೂರು ಕಾಲಂ ಮಾಡಿದರು. ಮೊಮ್ಮಗಳು ಓದಿ ಹೇಳಬೇಕು, ಅಜ್ಜಿ ಬರೆಯಬೇಕು. ಒಂದು ವಾರದ ಪುಟ ನೋಡಿದರೆ ವಿಷಯ ತಾನಾಗಿ ಹೊರಬಿತ್ತು. ಬೆಳಗಿನ ತಂಪಿನಲ್ಲಿ, 42 ಡಿಗ್ರಿ ಇದ್ದಾಗಲೂ ಯಂತ್ರ ನಿಂತಿತ್ತು. ಅಂದರೆ ಕಾವು ಕಾರಣವಲ್ಲ. ಮೂರನೇ ಕಾಲಮಿನಲ್ಲಿ ಮಾತ್ರ ಶಾಖ ಅಳೆಯುವ ಮೂರು ತಂತ್ರಾಂಶಗಳ ಹೆಸರು ಪ್ರತಿ ಸಾಲಿನಲ್ಲೂ ಇತ್ತು. ಒಂದು ಯಂತ್ರದ ಜೊತೆ ಬಂದದ್ದು, ಎರಡನೆಯದು ಹುಡುಗಿ ಹಾಕಿದ್ದು. ಎರಡೂ ಬೇರೆ ಬೇರೆ ಅಂಕಿ ತೋರಿಸಿದಾಗ ಯಾವುದು ಸರಿ ಎಂದು ತಿಳಿಯಲು ತಂದದ್ದು ಮೂರನೆಯದು! ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಇಲ್ಲಿ ಮೂರನೆಯವನು ಬಂದ ಮೇಲೆ ಮನೆಯ ಉಸಿರೇ ಕಟ್ಟಿತು. ಮೂರನ್ನೂ ನಿಲ್ಲಿಸಿದ ಮೇಲೆ ಕಂಪ್ಯೂಟರ್ ತಿಂಗಳುಗಟ್ಟಲೆ ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿದೆ. ಖರ್ಚಾದದ್ದು ಹಾಲಿನ ಪುಸ್ತಕದ ಎರಡು ಪುಟ.

ನಿಮ್ಮ ಮನೆಯಲ್ಲೂ ಹೀಗಾದರೆ ಅಜ್ಜ ಮೊಮ್ಮಕ್ಕಳು ಸೇರಿ ಈ ಕ್ರಮದಲ್ಲಿ ನೋಡಿ.

1. ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ತನಿಖೆ ಆಮೇಲೆ, ತಿಜೋರಿ ಭದ್ರ ಮಾಡುವುದು ಮೊದಲು.

2. ನಿಂತಾಗ ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಯಂತ್ರಕ್ಕೆ ಇನ್ನೂ ಪ್ರಜ್ಞೆ ಇದೆ, ಕೆಲವು ನಿಮಿಷ ಕಾಯಿರಿ. ಏನೂ ಆಗದಿದ್ದರೆ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿದು ಆರಿಸಿ. ಹೊತ್ತು ಬರೆದಿಡಿ.

3. ಅಳತೆಯ ತಂತ್ರಾಂಶಗಳು ಎಷ್ಟಿವೆ ಎಣಿಸಿ. ಕಿಟಕಿ ಮುಚ್ಚಿದರೂ ಅವು ಗಡಿಯಾರದ ಪಕ್ಕದ ಪುಟ್ಟ ಬಾಣದ ಹಿಂದೆ ಅಡಗಿ ಕೂತಿರುತ್ತವೆ. ಅಲ್ಲಿ ಬಲಗುಂಡಿ ಒತ್ತಿ 'ಎಕ್ಸಿಟ್' ಎನ್ನಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ 'ಸ್ಟಾರ್ಟಪ್' ಪುಟದಲ್ಲಿ ಇವು ತಾವಾಗಿ ಏಳದಂತೆ ಮಾಡಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಫ್ಯಾನಿನ ವೇಗ ನಡೆಸುವ ತಂತ್ರಾಂಶವಾದರೆ ಮೊದಲು ಫ್ಯಾನನ್ನು 'ಆಟೊ'ಗೆ ಬಿಡಿ.

4. ಎರಡು ಮೂರು ದಿನ ಎಂದಿನಂತೆ ಬಳಸಿ. ನಿಲ್ಲುವುದು ತಪ್ಪಿತೇ? ಆಗ ಒಂದೊಂದನ್ನೇ ಮರಳಿ ತನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರ ಫಲ ಎಂದು ತಿಳಿಯುವುದಿಲ್ಲ.

5. ಬೇಕೇ ಬೇಕೆಂದರೆ ಒಂದೇ ಒಂದನ್ನು ಇಟ್ಟುಕೊಳ್ಳಿ. ಅದರ ಹೊಸ ಆವೃತ್ತಿ ಹಾಕಿ, ಎರಡು ಸೆಕೆಂಡಿಗೊಮ್ಮೆ ಓದುವ ಬದಲು 10 ಸೆಕೆಂಡಿಗೊಮ್ಮೆ ಓದಲು ಹೇಳಿ.

6. ಎಲ್ಲ ತೆಗೆದ ಮೇಲೂ ನಿಂತರೆ ಇವು ನಿರಪರಾಧಿಗಳು. ಆಗ ಧೂಳು, ಮೆಮೊರಿ, ಡಿಸ್ಕ್, ವಿದ್ಯುತ್ ಪೂರೈಕೆಯ ಕಡೆ ನೋಡಬೇಕು. ನಿಮ್ಮ ಪುಸ್ತಕವನ್ನು ರಿಪೇರಿಯವರಿಗೆ ತೋರಿಸಿ, ಅವರ ಅರ್ಧ ಕೆಲಸ ಉಳಿಯುತ್ತದೆ.

ಒಂದು ಎಚ್ಚರಿಕೆಯೂ ಇದೆ. ಇಂಥ ಅನೇಕ ತಂತ್ರಾಂಶಗಳು ವಿನ್‌ರಿಂಗ್0 ಎಂಬ ಹಳೆಯ ಡ್ರೈವರನ್ನು ಹಂಚಿಕೊಂಡು ಬಳಸುತ್ತಿದ್ದವು. ಅದರ ಭದ್ರತೆಯ ದೋಷ 2020ರಲ್ಲೇ ದಾಖಲಾಗಿತ್ತು. 2025ರಲ್ಲಿ ವಿಂಡೋಸ್‌ನ ಡಿಫೆಂಡರ್ ಅದನ್ನು ತಡೆಯತೊಡಗಿತು. ಅಂಥ ಎಚ್ಚರಿಕೆ ಕಂಡರೆ ಡಿಫೆಂಡರನ್ನು ಬಾಯಿ ಮುಚ್ಚಿಸಬೇಡಿ, ಹೊಸ ಆವೃತ್ತಿ ಹುಡುಕಿ.

'ಅಳೆಯದಿದ್ದರೆ ಯಂತ್ರ ಸುಟ್ಟುಹೋದರೆ?' ಎಂದು ಅಜ್ಜಿಯೂ ಕೇಳಿದ್ದರು. ಪ್ರೊಸೆಸರ್ ತನ್ನ ಶಾಖವನ್ನು ತಾನೇ ನೋಡಿಕೊಳ್ಳುತ್ತದೆ. ಮಿತಿ ಮುಟ್ಟಿದರೆ ವೇಗ ಇಳಿಸುತ್ತದೆ, ಅದೂ ಸಾಲದಿದ್ದರೆ ಆರಿಹೋಗುತ್ತದೆ. ಇಂಟೆಲ್‌ನ ಅನೇಕ ಪ್ರೊಸೆಸರ್‌ಗಳಲ್ಲಿ ಆ ಮಿತಿ 100 ಡಿಗ್ರಿ ಸೆಲ್ಸಿಯಸ್. ಪರದೆಯ ಮೇಲೆ ಅಂಕಿ ಓಡಿಸುವ ತಂತ್ರಾಂಶ ಇರಲಿ, ಇಲ್ಲದಿರಲಿ, ಈ ಕಾವಲು ಇದ್ದೇ ಇರುತ್ತದೆ. ಥರ್ಮಾಮೀಟರ್ ಜ್ವರ ಇಳಿಸುವುದಿಲ್ಲ, ಎಷ್ಟಿದೆ ಎಂದು ಹೇಳುತ್ತದೆ, ಅಷ್ಟೇ. ಶಾಖೆಗೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಕೂಡ ಒಂದು ಕುರ್ಚಿ, ಒಂದು ಮೇಜು ಹಿಡಿಯುತ್ತಾನೆ. ಕೆಲಸ ಏಕೆ ನಿಧಾನವಾಯಿತು ಎಂದು ಕೇಳುವಾಗ ಅವನನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮಕ್ಕಳೇ, ಈ ಭಾನುವಾರದ ಕೆಲಸ ಇದು. ಗಡಿಯಾರದ ಪಕ್ಕದ ಬಾಣ ಒತ್ತಿ, ಅಲ್ಲಿ ಅಡಗಿದವರ ಹೆಸರುಗಳನ್ನು ಗಟ್ಟಿಯಾಗಿ ಓದಿ. ಅಜ್ಜಿ ಬರೆದುಕೊಳ್ಳಲಿ. ಪ್ರತಿ ಹೆಸರಿನ ಎದುರು 'ಇದು ಏನು ಕೆಲಸ ಮಾಡುತ್ತದೆ?' ಎಂದು ಅವರು ಕೇಳುತ್ತಾರೆ. ಉತ್ತರ ಹೇಳಲು ಬಾರದ ಹೆಸರುಗಳಿಗೆ ಒಂದು ಸುತ್ತು ಹಾಕಿಡಿ.